ಯಜಮಾನರ ಡಬ್ಬಿ

ನಮ್ಮ ಯಜಮಾನರಿಗೆ ಮಾನವೇ ಪ್ರಾಣ. ಚಡ್ಡಿ ಒಣಹಾಕಿದರೂ ಅದರ ಮೇಲೊಂದು ಟವೆಲ್ ಹೊದಿಸುವ ಪೈಕಿ. ಅಂಥವರಿಗೆ ಸಿಕ್ಕ ಸೊಸೆಗೆ ಲ್ಯಾಬಿನಲ್ಲಿ ಊರವರ ಮಲ ಪರೀಕ್ಷೆ ಮಾಡುವ ಕೆಲಸ.

ಆಗ ನಮ್ಮ ಸುತ್ತಮುತ್ತಲ ಮಕ್ಕಳಿಗೆ ಬಾಯಿ, ಅಂಗೈ, ಅಂಗಾಲಲ್ಲೆಲ್ಲ ಗುಳ್ಳೆ ಎದ್ದಿದ್ದವು. ಎಂಟರೋವೈರಸ್ ಎಂದಳು ಸೊಸೆ. ಮಕ್ಕಳದು ಬೇರೆ ಬೇರೆ ಶಾಲೆ, ಬೇರೆ ಬೇರೆ ಬೀದಿ. ಲ್ಯಾಬಿನಲ್ಲಿ ನೋಡಿದರೆ ವೈರಸ್ಸು ಮಾತ್ರ ಒಂದೇ ತಳಿ. ಎಲ್ಲಿಂದ ಹಬ್ಬುತ್ತಿದೆಯೆಂದು ತಿಳಿಯದೆ ಅವಳಿಗೆ ತಲೆ ಕೆಟ್ಟಿತ್ತು. ದೊಡ್ಡವರಿಗೆ ಗುಳ್ಳೆ ಏಳದೆಯೂ ಹೊಟ್ಟೆಯಲ್ಲಿ ಇರಬಹುದಂತೆ. ಅದಕ್ಕೇ ಮಲ ತುಂಬಿಸಿ ಕೊಡಲು ಮನೆಮನೆಗೂ ಡಬ್ಬಿ ಹಂಚಿದಳು. ನಮ್ಮ ಮನೆಗೆ ಮಗಳು ಹಸುಗೂಸಿನೊಂದಿಗೆ ಮೊದಲ ಸಲ ಬರುವವಳಿದ್ದಳು, ಹಾಗಾಗಿ ಇಲ್ಲಿ ಇನ್ನೂ ಬಿಗಿ.

“ಮಾವ, ಇದು ಹಸುಗೂಸಿಗೆ ಬಂದ್ರೆ ಜೀವಕ್ಕೇ ಅಪಾಯ. ಡಬ್ಬಿ ಕೊಟ್ಟು, ವೈರಸ್ ಇಲ್ಲ ಅಂತ ಆದವರು ಮಾತ್ರ ಮಗೂನ ಮುಟ್ಬೇಕು.”

ನಾನು ಕೊಟ್ಟೆ. ಇವರು ನನ್ನ ಮೇಲೆ ರೇಗಿದರು. “ಸೊಸೆ ಕೈಗೆ ಅದನ್ನ ಕೊಡೋದಾ? ಆಮೇಲೆ ಅವಳ ಮುಖ ಹೇಗೆ ನೋಡ್ಲಿ?” ಆದರೂ ಮರುದಿನ ತುಂಬಿದ ಡಬ್ಬಿ ಬಾಗಿಲ ಬಳಿ ಇತ್ತು. ಸದ್ಯ, ಬುದ್ಧಿ ಬಂತಲ್ಲ ಎಂದುಕೊಂಡೆ.

ಫಲಿತಾಂಶ ಬಂತು. ನನ್ನದರಲ್ಲಿ ಏನೂ ಇಲ್ಲ. ಇವರದರಲ್ಲಿ ಆ ಮಕ್ಕಳದೇ ತಳಿ!

“ಮಾವ ಮಕ್ಕಳಿರೋ ಕಡೆ ಹೋಗೋದೇ ಇಲ್ವಲ್ಲ!” ಎಂದು ಸೊಸೆ ತಲೆ ಮೇಲೆ ಕೈಹೊತ್ತು ಕೂತಳು.

ಮಗಳು ಬಂದಳು, ಬೀಗರೂ ಬಂದರು. ಕೂಸು ನನ್ನ ಮಡಿಲು ಸೇರಿತು. ಇವರು ಹೊರಗೆ ನಿಂತು ಕಿಟಕಿಯಿಂದ ನೋಡುತ್ತಿದ್ದರು, ಮೂಗು ಗಾಜಿಗೆ ಒತ್ತಿ ಚಪ್ಪಟೆಯಾಗಿತ್ತು. ನನಗೆ ನಗುವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಕೂಸು ಬಾಯಿ ತುಂಬ ಆಕಳಿಸಿತು. ಇವರಿಗೆ ತಡೆಯಲಾಗಲಿಲ್ಲ.

“ಅದು ನಂದಲ್ಲಮ್ಮಾ!” ಎಂದು ಕಿಟಕಿಯಿಂದಲೇ ಕೂಗಿದರು.

ಬೀಗರು ತಬ್ಬಿಬ್ಬಾಗಿ ಕೂಸಿನ ಕಡೆ ನೋಡಿದರು.

“ಯಾವುದು ಮಾವ?” ಎಂದಳು ಸೊಸೆ.

“ಡಬ್ಬೀಲಿದ್ದದ್ದು! ಅದು ಕ್ಷೌರದಂಗಡಿ ಗೆಳೆಯಂದು. ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ಅಂತಿದ್ದ. ಪ್ರಾಣ ಯಾಕಪ್ಪ, ಇಷ್ಟು ಕೊಡು ಸಾಕು ಅಂದೆ.”

ಸೊಸೆ ಬೈಯಲಿಲ್ಲ. ಗುಳ್ಳೆಯೆದ್ದ ಮಕ್ಕಳೆಲ್ಲರ ತಲೆಗೂ ಹೊಸದಾಗಿ ಕತ್ತರಿ ಬಿದ್ದಿದ್ದು ಅವಳಿಗೆ ಈಗ ನೆನಪಾಯಿತು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದಳು. ಕೂಸನ್ನು ಮಗಳಿಗೆ ಕೊಟ್ಟು ನಾನೂ ಹಿಂದೆಯೇ ಓಡಿದೆ. ಇಂಥದ್ದನ್ನೆಲ್ಲ ತಪ್ಪಿಸಿಕೊಳ್ಳುವವಳಲ್ಲ ನಾನು.

ಅಂಗಡಿಯ ಕುರ್ಚಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಅಳುತ್ತಿದ್ದಳು. ಕ್ಷೌರಿಕ ಮೊಳೆಗೆ ನೇತುಹಾಕಿದ್ದ ಕೆಂಪು ಪೀಪಿ ತೆಗೆದು, ತಾನೊಮ್ಮೆ ಊದಿ, ಅವಳ ಬಾಯಿಗಿಡಲು ಹೊರಟಿದ್ದ. ಅಳುವ ಮಕ್ಕಳಿಗೆಲ್ಲ ಅದೇ ಪೀಪಿಯಂತೆ!

“ಕೊಡಬೇಡಿ!” ಎಂದು ಸೊಸೆ ಅದನ್ನು ಕಿತ್ತುಕೊಂಡು ಚೀಲಕ್ಕೆ ಹಾಕಿದಳು.

“ತಗೊಂಡ್ಹೋಗಮ್ಮ,” ಎಂದ ಕ್ಷೌರಿಕ. “ನಿಮ್ಮನೆಯವರು ಒಬ್ಬೊಬ್ರಾಗಿ ಬಂದು ನನ್ನದೆಲ್ಲಾ ಒಯ್ತಾ ಇದ್ದೀರಿ.”

ಮನೆಗೆ ಬಂದ ಸೊಸೆ ಇವರ ಮುಂದೆ ಖಾಲಿ ಡಬ್ಬಿ ಹಿಡಿದಳು. “ನಿಮ್ಮದಿನ್ನೂ ಬಾಕಿ ಇದೆ, ಮಾವ.”

ಇವರು ಡಬ್ಬಿ ತೆಗೆದುಕೊಂಡು ಕಕ್ಕಸಿನ ಕಡೆ ಹೋದರು. ಬಹಳ ಹೊತ್ತಾದ ಮೇಲೆ, ಬೀಗರೆಲ್ಲ ನೋಡುತ್ತಿದ್ದಂತೆಯೇ ಹೊರಬಂದರು. ಡಬ್ಬಿಯ ಮೇಲೆ ಟವೆಲ್ಲೂ ಇಲ್ಲ, ಕರವಸ್ತ್ರವೂ ಇಲ್ಲ. ಅದನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಹಿಡಿದಿದ್ದರು.

“ಆಣೆ ಮಾಡಿ ಹೇಳ್ತೀನಮ್ಮಾ, ಇದು ನಂದೇ!”