ಬಲಗೈ ಶಿಫ್ಟರ್

ಲ್ಯಾಬ್ ಮೇಡಂ ಒಂದೇ ತಿಂಗಳಲ್ಲಿ ಮೂರನೆಯ ಸಲ ಸೈಕಲ್ ತಳ್ಳಿಕೊಂಡು ರಿಪೇರಿ ಅಂಗಡಿಗೆ ಬಂದಾಗ ಮೆಕ್ಯಾನಿಕ್ ಕಡ್ಡಿ ಯಾರದೋ ಚಕ್ರದ ಡೊಂಕು ತೆಗೆಯುತ್ತ ಕೂತಿದ್ದ.

"ಮತ್ತೆ ಗೇರಾ?" ಎಂದ ತಲೆಯೆತ್ತದೆ.

"ಮತ್ತೆ ಗೇರೇ. ನೀವು ಹಾಕಿದ ಹೊಸ ಕೇಬಲ್ಲು ಹಳೇದಕ್ಕಿಂತ ಬಿಗಿ ಕಣ್ರೀ. ಟ್ಯಾಂಕ್ ಗುಡ್ಡದ ಅರ್ಧ ಹತ್ತಿ ಲಿವರ್ ಒತ್ತಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಈ ಭಾನುವಾರ ಇಳಿದು ತಳ್ಳಿದೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು."

ಸೈಕಲ್ ಚಕ್ರದ ಕಡ್ಡಿಯಂತೆ ಸಣಕಲಾಗಿದ್ದಕ್ಕೂ, ಏನಿದ್ದರೂ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದುದಕ್ಕೂ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಗಿರಾಕಿಯ ಮುಖ ನೋಡಿ ಮಾತು ಬದಲಿಸುವ ಆಸಾಮಿಯಲ್ಲ. ಮೇಡಂಗೆ ಅವನ ಈ ಗುಣವೇ ಹಿಡಿಸಿತ್ತು. ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದವರು. "ನಾನು ರಕ್ತ ಹೀರ್ತೀನಿ, ನೀವು ಜೇಬು ಹೀರ್ತೀರಿ, ಇಬ್ಬರದೂ ಒಂದೇ ಕಸುಬು" ಎಂದು ಬಂದಾಗಲೆಲ್ಲ ನಗಿಸುತ್ತಿದ್ದರು. ವಾರವೆಲ್ಲ ಸೂಜಿ, ಸೀಸೆ. ಭಾನುವಾರ ಮಾತ್ರ ಗುಡ್ಡದ ಕಲ್ಲುದಾರಿ.

ಕಡ್ಡಿ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ ಇನ್ನೊಂದರ ಕಿರುಬೆರಳಿನಿಂದ ಲಿವರ್ ಒತ್ತಿದ. ಟಕ್. ಚೈನು ಪಕ್ಕದ ಹಲ್ಲುಚಕ್ರಕ್ಕೆ ಹತ್ತಿತು. ಇನ್ನೊಂದು ಟಕ್. ಒಂಬತ್ತು ಗೇರೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದವು.

"ಈಗ ನೀವು ಒತ್ತಿ ನೋಡಣ."

ಮೇಡಂ ಹ್ಯಾಂಡಲ್ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತಿದರು. ಬೆರಳು ಜಾರಿತು. ಮತ್ತೆ ಒತ್ತಿದರು. ಕೊನೆಗೆ ಅಂಗೈಯ ಬುಡ ಕೊಟ್ಟು, ಹೆಗಲಿನ ಭಾರವನ್ನೆಲ್ಲ ಹಾಕಿ ತಳ್ಳಿದಾಗ ಟಕ್ ಎಂದಿತು. "ನೋಡಿದ್ರಾ?" ಎಂದರು, ವಾದ ಗೆದ್ದವರಂತೆ.

ಕಡ್ಡಿ ನೋಡಿದ್ದು ಲಿವರನ್ನಲ್ಲ. ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ದಪ್ಪ ಮಾಂಸ ಇಂಗಿಹೋಗಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚಮಚದಲ್ಲಿ ತೋಡಿದಂಥ ಗುಳಿ. ಮುಂಗೈಯ ಚರ್ಮದಡಿ ಏನೋ ಹುಳ ಹರಿದಂತೆ ಅದುರುತ್ತಿತ್ತು. ಅಂಥ ಕೈಯನ್ನು ಅವನು ಹಿಂದೆ ಒಮ್ಮೆ ನೋಡಿದ್ದ, ಇದೇ ಅಂಗಡಿಯಲ್ಲಿ. ಅದು ಅವನ ಅಣ್ಣನ ಕೈ.

ಅಂಗಡಿ ಅಣ್ಣನದೇ. ಏಳು ವರ್ಷದ ಹಿಂದೆ ಅಣ್ಣನ ಕೈಯಿಂದ ಸ್ಪ್ಯಾನರ್ ಜಾರತೊಡಗಿತ್ತು. ಆಮೇಲೆ ರಿಪೇರಿಯಾಗಿ ಹೋದ ಸೈಕಲ್ಲುಗಳೆಲ್ಲ ನಟ್ಟು ಸಡಿಲವಾಗಿ ವಾಪಸು ಬರತೊಡಗಿದವು. ಕೈಯಿಂದ ಶುರುವಾದ ನರದ ಕಾಯಿಲೆ ಮೈಗೆಲ್ಲ ಹರಡಿ ಎರಡೂವರೆ ವರ್ಷದಲ್ಲಿ ಅಣ್ಣ ಹೋದ.

ಅದನ್ನೆಲ್ಲ ಹೇಳಬೇಕಿತ್ತು. ಆದರೆ ಕಡ್ಡಿ ಲಿವರಿನ ಕಡೆ ತಿರುಗಿದ. "ಗೇರು ಬದಲಿಸೋ ಶಿಫ್ಟರ್ ಸವೆದಿರಬೇಕು. ಬೇರೆ ಹಾಕಣ," ಎಂದುಬಿಟ್ಟ.

ಗಾಜಿನ ಮೇಜಿನ ಮೇಲೆ ಮೂರು ಶಿಫ್ಟರ್ ಇಟ್ಟ. ಒಂದು ಈಗಿರುವಂಥದ್ದೇ. ಇನ್ನೊಂದು ಅದೇ ಬಗೆಯದು, ಒಳಗಿನ ಸ್ಪ್ರಿಂಗ್ ಹಗುರ. ಮೂರನೆಯದಕ್ಕೆ ಲಿವರೇ ಇಲ್ಲ. ಹಿಡಿಯನ್ನೇ ತಿರುಗಿಸಿದರೆ ಗೇರು ಬದಲಾಗುತ್ತದೆ.

"ತಿರುಗಿಸೋದು ಮಕ್ಕಳ ಸೈಕಲ್ಲಿಗಲ್ವಾ?" ಎಂದು ಮೇಡಂ ಅದನ್ನು ಪಕ್ಕಕ್ಕೆ ಸರಿಸಿ ಎರಡನೆಯದನ್ನು ಆರಿಸಿದರು. ಹಾಕಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಒತ್ತಿ ನೋಡಿ, "ಪರವಾಗಿಲ್ಲ, ಸ್ವಲ್ಪ ಹಗುರ ಅನ್ಸುತ್ತೆ," ಎಂದರು. ಆಗಲೂ ಅಂಗೈಯ ಬುಡದಿಂದಲೇ ಒತ್ತಿದ್ದರು.

ಅಂಗಡಿಯ ಮಹಡಿಯ ಮೇಲೆ ಅತ್ತಿಗೆ ಒಬ್ಬರೇ ಇದ್ದರು. ಮಧ್ಯಾಹ್ನದ ಊಟ ಕಡ್ಡಿಗೆ ಅಲ್ಲೇ. ತಟ್ಟೆಯ ಮುಂದೆ ಕೂತವನು ತುತ್ತು ಎತ್ತದೆ ಎಲ್ಲವನ್ನೂ ಹೇಳಿದ.

"ನಾನೇನು ಡಾಕ್ಟರಾ ಅತ್ತಿಗೆ? ಬೇರೇನಾದ್ರೂ ಇದ್ರೆ? ಸುಮ್ನೆ ಹೆದರಿಸಿದ ಹಾಗಾಗುತ್ತೆ."

ಅತ್ತಿಗೆ ನೀರಿನ ಲೋಟ ಅವನ ಪಕ್ಕಕ್ಕಿಟ್ಟರು. "ನಿಮ್ಮಣ್ಣಂಗೆ ಎಂಟು ತಿಂಗಳು ಯಾರೂ ಹೇಳಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಸರಿ. ಆ ಎಂಟು ತಿಂಗಳೂ ಗಿರಾಕಿಗಳ ಮುಂದೆ ನೀನು ಅವರನ್ನ ಮೈಗಳ್ಳ ಅಂದೆ. ಅವರು ಮೇಲೆ ಬಂದು ಒಬ್ಬರೇ ಕೂತು ಬೆರಳು ಮಡಚಿ ಮಡಚಿ ನೋಡ್ಕೋತಿದ್ರು. ಮೈಗಳ್ಳನೇ ಇರಬೇಕು ನಾನು ಅಂತ ಅವರಿಗೇ ಅನ್ನಿಸಿಬಿಟ್ಟಿತ್ತು."

ಕಡ್ಡಿ ತಟ್ಟೆಯನ್ನು ಹಾಗೇ ಬಿಟ್ಟ. ಕೈ ತೊಳೆದು ಎದ್ದ.

ಆಸ್ಪತ್ರೆಯ ಲ್ಯಾಬಿನ ಮುಂದೆ ಉದ್ದ ಸಾಲಿತ್ತು. ಅವನೂ ಚೀಟಿ ಹಿಡಿದು ಬೆಂಚಿನ ಮೇಲೆ ಕೂತ. ಅರ್ಧ ತೆರೆದ ಬಾಗಿಲಿನಲ್ಲಿ ಮೇಡಂ ಕಾಣುತ್ತಿದ್ದರು. ಮುದುಕರೊಬ್ಬರ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಚುಚ್ಚಿದರು, ನರ ಸಿಗಲಿಲ್ಲ. ಇನ್ನೊಮ್ಮೆ ಚುಚ್ಚಿದರು. ಮುದುಕರು ಹಲ್ಲು ಕಚ್ಚಿದರು. ಮೇಡಂ ಸೂಜಿಯನ್ನು ಎಡಗೈಗೆ ಬದಲಿಸಿಕೊಂಡು ಮೂರನೆಯ ಸಲ ಚುಚ್ಚಿದರು. "ತಪ್ಪಾಯ್ತು ಯಜಮಾನ್ರೇ," ಎಂದದ್ದು ಹೊರಗೂ ಕೇಳಿಸಿತು.

ಸರದಿ ಬಂದಾಗ ಕಡ್ಡಿ ಒಳಗೆ ಹೋಗಿ ನಿಂತೇ ಇದ್ದ.

"ನಿಮಗೇನಾಯ್ತು? ಕೂತ್ಕೊಳ್ಳಿ, ಅಂಗಿ ತೋಳು ಮಡಚಿ."

"ರಕ್ತ ಕೊಡೋಕೆ ಬಂದಿಲ್ಲ ಮೇಡಂ. ಹೊಸ ಶಿಫ್ಟರ್ ಬೇಕಾಗಿರಲಿಲ್ಲ. ಹಳೇದು ಸರಿಯಾಗೇ ಇತ್ತು, ಕೇಬಲ್ಲೂ ಸರಿಯಾಗಿತ್ತು. ನಾನು ಸುಳ್ಳು ಹೇಳಿದೆ."

"ಮತ್ತೇನು ಕೆಟ್ಟಿರೋದು?"

"ನಿಮ್ಮ ಕೈ. ನಮ್ಮಣ್ಣಂಗೂ ಹಿಂಗೇ ಶುರುವಾಗಿತ್ತು. ನರದ ಡಾಕ್ಟ್ರಿಗೆ ತೋರಿಸಿ."

ಅಣ್ಣ ಸತ್ತದ್ದು ಮೇಡಂಗೆ ಗೊತ್ತಿತ್ತು, ಹೇಗೆಂಬುದೂ ಗೊತ್ತಿತ್ತು. ಬಲಗೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿದರು.

"ನೀವು ಸೈಕಲ್ ರಿಪೇರಿ ಮಾಡ್ಕೊಂಡಿರಿ," ಎಂದವರು ಬಾಗಿಲಿನತ್ತ ತಿರುಗಿ, "ಮುಂದಿನವರು ಬನ್ನಿ," ಎಂದು ಕರೆದರು.

ಐದು ವಾರ ಆಕೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆರನೆಯ ವಾರ ಗಂಡನ ಜೊತೆ ಬಂದರು. ಗಂಡ ಶಾಲೆಯ ಬಸ್ಸು ಓಡಿಸುವವರು, ಮಾತು ಕಡಿಮೆ. ಸೈಕಲ್ಲನ್ನು ಅವರೇ ಇಳಿಸಿ ಒಳಗೆ ತಂದು ನಿಲ್ಲಿಸಿದರು.

"ನೀವು ಹೇಳಿದ್ದೇ," ಎಂದರು ಮೇಡಂ. "ಮೂರು ಕಡೆ ತೋರಿಸಿದೆ. ಮೂವರೂ ನೋಡೋಣ, ಕಾಯೋಣ ಅಂತ ಸುತ್ತಿಬಳಸಿ ಅದನ್ನೇ ಹೇಳಿದ್ರು. ಅವತ್ತು ಪಕ್ಕಕ್ಕೆ ಸರಿಸಿದ್ನಲ್ಲ, ಆ ತಿರುಗಿಸೋದನ್ನ ತೋರಿಸಿ."

ಕಡ್ಡಿ ಅದನ್ನು ತಂದು ಆಕೆಯ ಎಡಗೈಗೆ ಕೊಟ್ಟ. "ಬಲಗಡೆ ಹಾಕೋದು ಬೇಡ. ಎಡಗಡೆ ಹಾಕ್ತೀನಿ. ತಿರುಗಿಸೋ ದಿಕ್ಕು ಉಲ್ಟಾ ಆಗುತ್ತೆ, ನಾಲ್ಕು ದಿನದಲ್ಲಿ ರೂಢಿಯಾಗುತ್ತೆ. ಎರಡೂ ಬ್ರೇಕನ್ನ ಒಂದೇ ಲಿವರಿಗೆ ಸೇರಿಸ್ತೀನಿ, ಅದೂ ಎಡಕ್ಕೇ."

"ಎಷ್ಟು ದಿನ ಬರುತ್ತೆ?"

ಶಿಫ್ಟರ್ ಎಷ್ಟು ದಿನ ಎಂದು ಆಕೆ ಕೇಳುತ್ತಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಗಂಡ ಬೀದಿಯ ಕಡೆ ನೋಡಿದರು.

"ಎಡಗೈ ಆರು ತಿಂಗಳು ಬಂದ್ರೆ ಹೆಚ್ಚು," ಎಂದ ಕಡ್ಡಿ. "ಅಣ್ಣಂಗೆ ಐದೇ ಬಂತು."

ಮೇಡಂ ತಲೆಯಾಡಿಸಿ, ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಕ್ಲಿಕ್ ಎಣಿಸಿದರು. "ಹಾಕಿ," ಎಂದರು.

ಮೇಡಂ ಎಡಗೈ ಬಂದದ್ದು ನಾಲ್ಕೇ ತಿಂಗಳು. ಅಷ್ಟರಲ್ಲಿ ಭಾನುವಾರ ತಪ್ಪದೆ ಗುಡ್ಡ ಹತ್ತಿದರು. ಮೊದಲು ತುದಿಯವರೆಗೆ, ಆಮೇಲೆ ಅರ್ಧ, ಆಮೇಲೆ ಬುಡದ ತಿರುವಿನವರೆಗೆ. ಗಂಡ ಹಿಂದೆಯೇ ನಡೆದು ಹೋಗುತ್ತಿದ್ದರು. ತಿರುವಿನಲ್ಲಿ ಮೇಡಂ ಬಿದ್ದು ಗಲ್ಲ ಒಡೆದುಕೊಂಡ ಮೇಲೆ ಗಂಡನೇ ಕಡ್ಡಿಗೆ ಫೋನ್ ಮಾಡಿ ಮನೆಗೆ ಕರೆದರು.

ಹಜಾರದ ಕಿಟಕಿಯ ಪಕ್ಕ ಕುರ್ಚಿ, ಮಂಚ ಸರಿಸಿ ಜಾಗ ಮಾಡಿದ್ದರು. ಕಡ್ಡಿ ಹಿಂದಿನ ಚಕ್ರವನ್ನು ರೋಲರ್ ಇರುವ ಸ್ಟ್ಯಾಂಡಿಗೆ ಕಚ್ಚಿಸಿದ. ನಿಂತಲ್ಲೇ ತುಳಿಯಬಹುದು, ಬೀಳುವ ಭಯವಿಲ್ಲ. ಶಿಫ್ಟರನ್ನು ಬಿಚ್ಚಿ ತೆಗೆದ. ಇನ್ನು ಒಂದೇ ಗೇರಿಗೆ ಚೈನನ್ನು ಖಾಯಂ ನಿಲ್ಲಿಸಬೇಕು.

"ಹಗುರದ್ದಕ್ಕೆ ನಿಲ್ಲಿಸಿ," ಎಂದರು ಗಂಡ.

"ಬೇಡ." ಮೇಡಂ ಮಾತು ಆಗಲೇ ತೊದಲುತ್ತಿತ್ತು. "ಭಾರದ್ದು. ಗುಡ್ಡ ಹತ್ತಿದ ಹಾಗಿರಬೇಕು."

"ಭಾರದ್ದಾದ್ರೆ ಎರಡು ವಾರ ತುಳೀತೀರಿ ಮೇಡಂ, ಹೆಚ್ಚಿಗೆ ಆಗಲ್ಲ. ಹಗುರದ್ದಾದ್ರೆ ಎರಡು ತಿಂಗಳು."

"ಎರಡು ವಾರ ಸಾಕು."

ಕಡ್ಡಿ ಗಂಡನ ಮುಖ ನೋಡಿದ. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಹೆಂಡತಿಯ ಬಾಯಂಚು ಒರೆಸಿ, ಆಗಲಿ ಎಂಬಂತೆ ಕಣ್ಣು ಮುಚ್ಚಿ ತೆರೆದರು. ಅವನು ಭಾರದ ಗೇರಿಗೇ ತಿರುಪು ಬಿಗಿದ.

ಬಗ್ಗಿ ಬಿಗಿಯುತ್ತಿದ್ದಾಗ ಮೇಡಂ ಕೇಳಿದರು: "ನೀವು ಅಣ್ಣಂಗೆ ಏನಾದ್ರೂ ಹೇಳಿದ್ರಾ? ಕೊನೆಗೆ?"

"ಇಲ್ಲ. ಅವನಿಗೆ ಮಾತು ಹೋಗಿತ್ತು. ಪಕ್ಕದಲ್ಲಿ ಕೂತ್ಕೊಳ್ಳೋಕೇ ಆಗ್ತಿರಲಿಲ್ಲ ನನಗೆ. ಅಂಗಡಿ ನೆಪ ಮಾಡಿ ಓಡಿಬರ್ತಿದ್ದೆ."

"ಕಿವಿ ಕೇಳ್ತಿತ್ತಲ್ಲ."

ಕಡ್ಡಿ ಬಿಗಿದಿದ್ದ ತಿರುಪನ್ನೇ ಇನ್ನೊಮ್ಮೆ ಬಿಗಿದ.

ಮೇಡಂ ಹತ್ತೊಂಬತ್ತು ದಿನ ತುಳಿದರು. ಇಪ್ಪತ್ತನೆಯ ದಿನ ಕಡ್ಡಿ ಹೋಗಿ ಸ್ಟ್ಯಾಂಡ್ ಬಿಚ್ಚಿ, ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಟ್ಟ. ಕೆಲಸ ಮುಗಿದ ಮೇಲೂ ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೂರು ಸಲ ಪಂಕ್ಚರ್ ಆದರೂ ಹೊಸ ಟ್ಯೂಬ್ ಕೊಳ್ಳದ ಒಬ್ಬ ಜಿಪುಣ ಗಿರಾಕಿಯ ಕತೆ ಹೇಳಿದ. ಮೇಡಂ ಕಣ್ಣಿನಲ್ಲೇ ನಕ್ಕರು. ಅಂದಿನಿಂದ ಭಾನುವಾರ ಅಂಗಡಿಯ ಶಟರ್ ಎಳೆದು ಅಲ್ಲಿಗೆ ಹೋಗುವುದು, ಒಂದು ಗಂಟೆ ಬಾಯಿಗೆ ಬಂದದ್ದು ಮಾತಾಡುವುದು ಅವನಿಗೆ ಅಭ್ಯಾಸವಾಯಿತು. ಎಷ್ಟೋ ಸಲ ಹೇಳಲು ಏನೂ ಇರುತ್ತಿರಲಿಲ್ಲ. ಬಂದ ಸೈಕಲ್ಲುಗಳನ್ನೇ ಒಂದೊಂದಾಗಿ ಹೇಳುತ್ತಿದ್ದ. ಬೇಸಿಗೆಯವರೆಗೆ ಹೀಗೆ ನಡೆಯಿತು. ಆಮೇಲೆ ಹೋಗುವ ಅಗತ್ಯ ಬೀಳಲಿಲ್ಲ.