ಗುಂಡಿ ಹಾಕಿಕೊಂಡು ಬರೆದ ಉತ್ತರ

ಮೊಬೈಲಿನಲ್ಲಿ ನಾಲ್ಕು ಸಾಲು ಬರೆಯುವ ಮೊದಲು ಕೋಟಿನ ಗುಂಡಿ ಹಾಕಿಕೊಳ್ಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರ ಅಂಗಡಿಯಲ್ಲೇ ನಾನು ಕೆಲಸ ಕಲಿತದ್ದು; ಹೊಲಿಗೆ ಯಂತ್ರ ರಿಪೇರಿ ಮಾಡುವವರ ಆನ್‌ಲೈನ್ ಗುಂಪಿನಲ್ಲಿ ನಾವೆಲ್ಲ ಅವರನ್ನು ದಾರದ ಮಾವ ಎನ್ನುತ್ತಿದ್ದೆವು. ಎಣ್ಣೆಯ ಕಲೆಗಳಲ್ಲಿ ಬಣ್ಣ ಮಾಸಿದ ನೀಲಿ ಕೋಟು, ಕಾಲರಿಗೆ ಚುಚ್ಚಿಕೊಂಡ ಸೂಜಿಗಳು, ಪೆಡಲ್ ತುಳಿದಂತೆ ಪಾದ ಊರುವ ನಡಿಗೆ. ಹೊಸಬನೊಬ್ಬ ಪ್ರಶ್ನೆ ಹಾಕಿದನೆಂದರೆ ಕೈತೊಳೆದು, ಗುಂಡಿ ಹಾಕಿ, ಅಂಗಡಿಗೆ ಗಿರಾಕಿ ಬಂದಷ್ಟೇ ಗೌರವದಿಂದ ಕೂತು ಒಂದೇ ಬೆರಳಿನಲ್ಲಿ ಉತ್ತರ ಬರೆಯುತ್ತಿದ್ದರು.

ಗುಂಪಿಗೆ ಅದರದೇ ಕಟ್ಟಳೆಗಳಿದ್ದವು. ಹಳೆಯ ಉತ್ತರ ಹುಡುಕದೆ ಪ್ರಶ್ನೆ ಕೇಳಬಾರದು, ಶುಭೋದಯದ ಚಿತ್ರ ಹಾಕಬಾರದು, ಬರೀ ಧನ್ಯವಾದ ಹೇಳಿ ಜಾಗ ತುಂಬಬಾರದು. ಹೊಸಬರು ಬಂದವರೇ ಎಲ್ಲವನ್ನೂ ಮುರಿಯುತ್ತಿದ್ದರು, ಹಳಬರು ಮೈಮೇಲೆ ಬೀಳುತ್ತಿದ್ದರು. ಮಾವ ಮಾತ್ರ, ಅಲ್ಲೊಂದು ಕುರ್ಚಿ ಇದೆಯೆಂಬಂತೆ, "ಬನ್ನಿ, ಕೂತ್ಕೊಳ್ಳಿ" ಎಂದೇ ಶುರುಮಾಡುತ್ತಿದ್ದರು.

"ಕಂಡೋರಿಗೆಲ್ಲ ಇಷ್ಟುದ್ದ ಬರೀತೀಯಲ್ಲಪ್ಪ, ನನಗೆ ಹೊಲಿಗೆ ಕಲಿಸೋವಾಗ ಸ್ಕೇಲಲ್ಲಿ ಹೊಡೀತಿದ್ದೆ," ಎಂದು ಮಗಳು ಒಮ್ಮೆ ಚುಚ್ಚಿದ್ದಳು.

"ಅದಕ್ಕೇ ಕಣೇ," ಎಂದಷ್ಟೇ ಹೇಳಿ ಮಾವ ಫೋನಿನತ್ತ ತಲೆ ತಗ್ಗಿಸಿದರು.

ಒಬ್ಬ ಹೊಸಬನಂತೂ ಬಟ್ಟೆಯಡಿ ದಾರ ಯಾಕೆ ಗಂಟು ಕಟ್ಟುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಬೆಳಗಿನಿಂದ ಹಾಕಿ ಹಾಕಿ, ಉತ್ತರ ತಡವಾದದ್ದಕ್ಕೆ "ಎಲ್ಲಾ ಸತ್ತೋಗಿದೀರಾ?" ಎಂದು ಬೈದ. ಅವನನ್ನು ಹೊರಗೆ ಹಾಕಿ ಎಂದು ಹಳಬರು ಹುಯಿಲಿಟ್ಟಾಗ ಮಾವ ಬರೆದರು: "ಇರ್ಲಿ ಬಿಡ್ರಪ್ಪ, ಪಾಪ, ಯಾರದೋ ಬಟ್ಟೆ ಅರ್ಧಕ್ಕೆ ನಿಂತಿರುತ್ತೆ. ಗಂಟು ಕೆಳಗೆ ಕಾಣುತ್ತೆ, ತಪ್ಪು ಮೇಲಿರುತ್ತೆ." ದಾರ ಪೋಣಿಸುವಾಗ ಬಟ್ಟೆ ಒತ್ತುವ ಪಾದವನ್ನು ಎತ್ತಿರಬೇಕು, ಇಲ್ಲದಿದ್ದರೆ ಮೇಲಿನ ದಾರ ಬಿಗಿಯಾಗಿ ಕೂರದೆ ಬಟ್ಟೆಯಡಿ ಗಂಟುಗಟ್ಟುತ್ತದೆ ಎಂದು ಬಿಡಿಸಿ ಬಿಡಿಸಿ ತಿಳಿಸಿದರು. ಹಾಗೆ ಉಳಿದುಕೊಂಡ ಆ ಮಹಾಶಯನೇ ಮುಂದೆ ಗುಂಪಿನ ಅಡ್ಮಿನ್ ಆದ. ಹತ್ತಿದ ಏಣಿಯನ್ನು ಒದೆಯುವುದರಲ್ಲಿ ಅವನಿಗೆ ಸಮಾನರಿಲ್ಲ.

ಈಚೆಗೆ ಮಾವನಿಗೆ ಮರೆವು ಬಂತು. ಕೋಟು ಹಾಕಿಕೊಂಡೇ ಕೋಟು ಹುಡುಕಿದರೆ ನಗಬಹುದಿತ್ತು. ಒಂದು ಮಧ್ಯಾಹ್ನ ಅವರ ಯಂತ್ರವೇ ಬಟ್ಟೆಯಡಿ ಗಂಟು ಕಟ್ಟಿ ನಿಂತಾಗ, ಅದನ್ನು ಪರರ ಯಂತ್ರದಂತೆ ನೋಡುತ್ತ ಕೂತರು. ನಾನೂ ಮಗಳೂ ಅಲ್ಲೇ ಇದ್ದೆವು. ನಮ್ಮನ್ನು ಕೇಳಲು ಅಭಿಮಾನ ಬಿಡಲಿಲ್ಲವೇನೋ, ಗುಂಪನ್ನೇ ಕೇಳಿದರು. ಮಗಳು ಕೊಡಿಸಿದ ಹೊಸ ಫೋನು, ಹೊಸ ಖಾತೆ. ಅಲ್ಲಿಯವರ ಕಣ್ಣಿಗೆ ಇನ್ನೊಬ್ಬ ಹೊಸಬ.

ಅಡ್ಮಿನ್ ಉತ್ತರ ಕೂಡಲೇ ಬಂತು: "ಹುಡುಕಿ ಆಮೇಲೆ ಕೇಳೋದು ಕಲೀರಿ. ಎಷ್ಟು ಸಲ ಹೇಳ್ಬೇಕು?" ಕೆಳಗೊಂದು ಲಿಂಕ್. ಒತ್ತಿದರೆ ತೆರೆದದ್ದು, ಅದೇ ಅಡ್ಮಿನ್‌ಗೆ ಅಂದು ಮಾವ ಬರೆದಿದ್ದ ಉತ್ತರ.

ಅದು ತಮ್ಮದೆಂದು ಅವರಿಗೆ ಹೊಳೆಯಲೇ ಇಲ್ಲ. ಸಾಲುಗಳ ಮೇಲೆ ಬೆರಳಿಟ್ಟು ಓದಿದರು, ಪಾದ ಎತ್ತಿದರು, ದಾರ ಪೋಣಿಸಿದರು. ಹೊಲಿಗೆ ನೆಟ್ಟಗೆ ಓಡಿತು. "ಯಾರೋ ಪುಣ್ಯಾತ್ಮ ಕಣೇ, ಎಷ್ಟು ತಾಳ್ಮೆಯಿಂದ ಬರ್ದಿದಾನೆ ನೋಡು," ಎಂದರು. ಮಗಳು ಮುಖ ತಿರುಗಿಸಿ ಅತ್ತಳು.

ಮಾವ ಗುಂಡಿ ಹಾಕಿಕೊಂಡು ಬರೆದರು: "ಬರೆದವರಿಗೆ ಹೊಸಬನ ನಮಸ್ಕಾರ." ಬರೀ ಧನ್ಯವಾದ ನಿಷಿದ್ಧವಲ್ಲವೇ? ಅಡ್ಮಿನ್ ಅದನ್ನು ಅಳಿಸಿಹಾಕಿ ಅವರನ್ನು ಹೊರಗೆ ದೂಡಿದ.

"ನಾನೇನ್ ತಪ್ಪು ಮಾಡ್ದೆ?" ಎಂದು ಮಾವ ನನ್ನನ್ನು ಕೇಳಿದರು.

ಪರರಿಗೆ ಬಾಗಿಲು ತೆರೆದಿಡುವವರ ಹಣೆಬರಹವೇ ಇಷ್ಟು. ಒಳಗೆ ಬಂದವರು ಕಾವಲುಗಾರರಾಗುತ್ತಾರೆ. ತೆರೆದವರು ಒಂದು ದಿನ ಹೊಸಬರಾಗಿ ಹೊಸ್ತಿಲಲ್ಲಿ ನಿಂತಾಗ, "ಬನ್ನಿ, ಕೂತ್ಕೊಳ್ಳಿ" ಎನ್ನಲು ಒಳಗೆ ಅವರಂಥವರು ಯಾರೂ ಉಳಿದಿರುವುದಿಲ್ಲ.