ಒಂದು ಮುಷ್ಟಿ ಸಡಿಲ

ನನ್ನ ಬಾಯಿ ಸರಿಯಿಲ್ಲ ಅಂತ ಊರೆಲ್ಲ ಹೇಳುತ್ತೆ. ಹೇಳಿಕೊಳ್ಳಲಿ. ಆದರೆ ಆವತ್ತು ಮನೆ ಹಾಳು ಮಾಡಿದ್ದು ನನ್ನ ಬಾಯಲ್ಲ, ನಾನು ಬಾಯಿ ಮುಚ್ಚಿಕೊಂಡು ಕೂತದ್ದು.

ನಮ್ಮದು ಹಾಯಿ ಕಯಾಕುಗಳಿಗೆ ಕವರು ಹೊಲಿದು ಹೊದಿಸುವ ಶೆಡ್ಡು. ಕಯಾಕ್ ಅಂದರೆ ಒಬ್ಬರೋ ಇಬ್ಬರೋ ಕೂರುವ ಸಪೂರ ದೋಣಿ. ಹುಟ್ಟೂ ಹಾಕಬಹುದು, ಪುಟ್ಟ ಹಾಯಿಯನ್ನೂ ಕಟ್ಟಬಹುದು. ಸೀಸನ್ ಮುಗಿದ ಮೇಲೆ ಜನ ತಂದು ಬಿಡುತ್ತಾರೆ. ನಾವು ಹಾಯಿಕಂಬ ಬಿಚ್ಚಿ, ಒರೆಸಿ, ಕವರು ಹಾಕಿ ಸಾಲಾಗಿ ಇಡುತ್ತೇವೆ. ಕೆಲವನ್ನು ಟ್ರೇಲರ್ ಮೇಲೇರಿಸಿ ಅವರವರ ಮನೆಗೆ ಎಳೆದುಕೊಂಡು ಹೋಗಿ ಮುಟ್ಟಿಸಬೇಕು. ಹೊಲಿಯೋದು ನಾನು, ಕಟ್ಟೋದು ಅಪ್ಪ, ಎಳೆಯೋದು ನಮ್ಮನೆಯವರು. ಎಳೆಯುವವನು ಕವರಿಗೆ ಕೈ ಹಚ್ಚುವ ಹಾಗಿಲ್ಲ. ಅದು ಅಪ್ಪ ನಲವತ್ತು ವರ್ಷದ ಹಿಂದೆ ಮಾಡಿದ ಕಾನೂನು. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಅಂತಲೇ ಕರೆಯೋದು.

ಕಟ್ಟೋದರಲ್ಲಿ ಎರಡು ಬಗೆ. ದೋಣಿ ಶೆಡ್ಡಿನಲ್ಲೇ ನಿಲ್ಲೋದಾದರೆ ಹೊಟ್ಟೆಯಡಿಯ ಪಟ್ಟಿಗಳನ್ನು ಒಂದು ಮುಷ್ಟಿ ಸಡಿಲ ಬಿಡಬೇಕು, ಮೂತಿಯ ಹತ್ತಿರ ಕವರಿನಲ್ಲಿರುವ ಕಿಂಡಿ ತೆರೆದಿರಬೇಕು. ಗಾಳಿಯಾಡದಿದ್ದರೆ ತಿಂಗಳೊಳಗೆ ಒಳಗೆಲ್ಲ ಬೂಷ್ಟು. ರಸ್ತೆಗಿಳಿಯೋದಾದರೆ ಕಿಂಡಿ ಮುಚ್ಚಿ, ಪಟ್ಟಿಯಡಿ ಬೆರಳೂ ತೂರದ ಹಾಗೆ ಬಿಗಿಯಬೇಕು. ಇಲ್ಲದಿದ್ದರೆ ಗಾಳಿ ಮೂತಿಯಿಂದ ಹೊಕ್ಕು ಕವರನ್ನೇ ಕಿತ್ತುಕೊಂಡು ಹೋಗುತ್ತೆ.

ಹೋದ ವರ್ಷದಿಂದ ಅಪ್ಪನಿಗೆ ಮರೆವು. ಚಹಾಕ್ಕೆ ಸಕ್ಕರೆ ಹಾಕಿ, ಕಲಕಿ, ಮತ್ತೆ ಹಾಕೋನು. ಸಿಹಿ ಜಾಸ್ತಿ ಅಂತ ನನ್ನನ್ನೇ ಬೈಯೋನು. ಆಮೇಲೊಂದು ದಿನ, ರಸ್ತೆಗೆ ಹೊರಟ ದೋಣಿಯೊಂದರ ಪಟ್ಟಿ ಸಡಿಲವಾಗಿರೋದು ನನ್ನ ಕಣ್ಣಿಗೆ ಬಿತ್ತು. ಅಪ್ಪ ಆಚೆ ತಿರುಗಿದಾಗ ಬಿಗಿದೆ. ಅಲ್ಲಿಂದಾಚೆ ಹೊರಡುವ ಪ್ರತಿ ದೋಣಿಯನ್ನೂ ಕದ್ದು ಮುಟ್ಟಿ ನೋಡೋದೇ ನನ್ನ ಕೆಲಸವಾಯಿತು. ನಮ್ಮನೆಯವರಿಗೆ ಗೊತ್ತಾಗದೆ ಇರುತ್ತಾ?

"ಮಾವನಿಗೆ ಇನ್ನು ಕಟ್ಟೋಕೆ ಕೊಡಬೇಡ ಕಣೇ" ಅಂದರು.

"ನಾನು ಮುಟ್ಟಿ ನೋಡದೆ ಒಂದು ದೋಣೀನೂ ಗೇಟು ದಾಟಲ್ಲ, ಸಾಕಾ?" ಅಂದೆ.

ಸರಿ ಅಂದರು. ಟ್ರೇಲರ್ ಸಿಕ್ಕಿಸಿ ಎರಡು ಸಲ ಹಾರ್ನ್ ಹೊಡೆಯೋದು, ನಾನು ಹೋಗಿ ನೋಡೋದು, ಆಮೇಲೆ ಅವರು ಹೊರಡೋದು. ಏಳೆಂಟು ತಿಂಗಳು ಹಾಗೇ ನಡೀತು.

ಆವತ್ತು ಬೆಳಿಗ್ಗೆ ತಿಂಡಿ ತಿನ್ನುವಾಗ ಮತ್ತೆ ಅದೇ ರಾಗ ತೆಗೆದರು. "ಎಷ್ಟು ದಿನ ಅಂತ ಮುಚ್ಚಿಡ್ತೀಯ? ಮನೇಲಿ ಕೂರಿಸು. ನಿನಗೆ ಅಪ್ಪನ ಮೇಲಿರೋದು ಪ್ರೀತಿಯಲ್ಲ, ಜಂಭ. ಮೇಷ್ಟ್ರ ಮಗಳು ಅನ್ನೋ ಜಂಭ."

ನನಗೆ ಮೈ ಉರಿದುಹೋಯ್ತು. ಅವರ ಹತ್ರ ಮಾತಾಡೋದೇ ಬಿಟ್ಟೆ.

ಹತ್ತು ಗಂಟೆಗೆ ಹಾರ್ನ್ ಕೇಳಿಸಿತು, ಎರಡು ಸಲ. ನಾನು ಮಿಷನ್ ಮುಂದಿಂದ ಏಳಲಿಲ್ಲ. ಹೊಡ್ಕೊಳ್ಳಲಿ, ಜಂಭದವಳನ್ನ ಯಾಕೆ ಕರೀಬೇಕು ಅಂದುಕೊಂಡೆ. ಮತ್ತೆ ಎರಡು ಸಲ ಹೊಡೆದರು. ಬಂದು ಕರೆಯಲಿ, ಆಮೇಲೆ ಏಳೋಣ ಅಂತ ಕಾಲಲ್ಲಿ ಮಿಷನ್ ತುಳೀತಾನೇ ಇದ್ದೆ. ಅವರು ಬರಲಿಲ್ಲ. ಕೋಪದಲ್ಲಿದ್ದಾಳೆ, ಮೊದಲೇ ನೋಡಿಟ್ಟು ಒಳಗೆ ಹೋಗಿದ್ದಾಳೆ ಅಂತ ತಿಳಿದಿರಬೇಕು, ಗಾಡಿ ಬಿಟ್ಟರು.

ಸೇತುವೆ ಮೇಲೆ ಕವರು ಕಿತ್ತುಕೊಂಡು ಹಾರಿತು. ಹಿಂದೆ ಸ್ಕೂಟರಿನಲ್ಲಿ ಒಬ್ಬಳು ನರ್ಸು, ಡ್ಯೂಟಿಗೆ ಹೊರಟವಳು. ಕವರು ಹೋಗಿ ಅವಳ ಮುಖಕ್ಕೆ ಸುತ್ತಿಕೊಂಡಿತು. ಪಕ್ಕದಲ್ಲಿ ಲಾರಿ ಬರುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಅವಳಿಗೆ. ಆಸ್ಪತ್ರೆ ಸೇರೋವರೆಗೂ ಜೀವ ಉಳಿಯಲಿಲ್ಲ.

ಸ್ಟೇಷನ್ನಿಗೆ ಓಡಿದೆ. ಅಷ್ಟರಲ್ಲಿ ನಮ್ಮನೆಯವರು 'ಕವರು ಕಟ್ಟಿದ್ದು ನಾನೇ' ಅಂತ ಬರೆದುಕೊಟ್ಟುಬಿಟ್ಟಿದ್ದರು.

"ಮಾವನ ಹೆಸರು ಎತ್ತಬೇಡ" ಅಂದರು ಸರಳಿನಾಚೆಯಿಂದ. "ಈ ಜಾಗದಲ್ಲಿ ಒಂದು ದಿನ ತಾಳಲ್ಲ ಅವರು."

"ನೀವು ತಾಳ್ತೀರಾ? ವರ್ಷಗಟ್ಟಲೆ ಒಳಗಿಡ್ತಾರಂತೆ!"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ."

ಹಾರ್ನ್ ಹೊಡೆದಾಗ ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ ಆ ಮನುಷ್ಯ. ಕೇಳಿ, ಎರಡು ಬೈದಿದ್ದರೆ ನನ್ನ ಹೊಟ್ಟೆ ಇಷ್ಟು ಉರೀತಿರಲಿಲ್ಲ.

ಮಾರನೇ ದಿನ ಇನ್ಸ್‌ಪೆಕ್ಟರು ಶೆಡ್ಡಿಗೆ ಬಂದರು. ಹರಿದ ಕವರನ್ನು ನೆಲದ ಮೇಲೆ ಹರಡಿಸಿದರು. ಒಂದು ಮೂಲೆಯಲ್ಲಿ ರಕ್ತ ಒಣಗಿ ಬಟ್ಟೆ ಬಿರುಸಾಗಿತ್ತು. ಅಪ್ಪ ಬಗ್ಗಿ ಪಟ್ಟಿಗಳನ್ನು ಸವರಿ ನೋಡಿದ. ಬಕಲುಗಳು ಹಾಕಿದ ಹಾಗೇ ಇದ್ದವು.

"ಥೂ! ಯಾವ ತಲೆಕೆಟ್ಟೋನು ಕಟ್ಟಿದ್ದು ಇದನ್ನ? ಒಂದು ಮುಷ್ಟಿ ಸಡಿಲ ಬಿಟ್ಟಿದ್ದಾನಲ್ಲ!" ಅಂದ. ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿ, "ಅಳಿಯಂದ್ರದ್ದೇ ಕೆಲಸ ಸಾರ್. ಕವರಿಗೆ ಕೈ ಹಚ್ಚಬೇಡಪ್ಪ ಅಂತ ಬಡ್ಕೊಂಡೆ. ಕೇಳಿದ್ರೆ ತಾನೆ?" ಅಂದ.

ಬಕಲಿನಿಂದಾಚೆ ಉಳಿದ ಪಟ್ಟಿಯ ತುದಿಯನ್ನು ಮೂರು ಮಡಿಕೆ ಮಾಡಿ ಕೆಳಗಿನಿಂದ ಸಿಕ್ಕಿಸಿತ್ತು. ಹಾಗೆ ಸಿಕ್ಕಿಸುವವನು ಶೆಡ್ಡಿನಲ್ಲಿ ಒಬ್ಬನೇ. ತನ್ನ ಕೈಯನ್ನೇ ಗುರುತು ಹಿಡಿಯಲಾರದೆ, ತನಗೋಸ್ಕರ ಜೈಲಿನಲ್ಲಿ ಕೂತವರನ್ನ ಬೈತಿದ್ದಾನೆ! ನನಗೆ ತಡೆಯೋಕಾಗಲಿಲ್ಲ.

"ಅಪ್ಪಾ, ಕಟ್ಟಿದ್ದು ನೀನು!" ಅಂತ ಕಿರುಚಿದೆ. "ಸಾರ್, ಇವನಿಗೆ ಮರೆವು. ನಿಲ್ಲೋ ದೋಣಿ, ಹೋಗೋ ದೋಣಿ ಗೊತ್ತಾಗಲ್ಲ. ಈ ಮಡಿಕೆ ನೋಡಿ, ಇದು ಇವನದೇ."

ಇನ್ಸ್‌ಪೆಕ್ಟರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಟ್ರೇಲರ್ ಮೇಲಿದ್ದ ಇನ್ನೊಂದು ದೋಣಿ ತೋರಿಸಿ, "ಎಲ್ಲಿ, ಇದನ್ನ ಕಟ್ಟಿ ಯಜಮಾನ್ರೇ" ಅಂದರು.

"ನಿಲ್ಲೋದಾ, ಹೋಗೋದಾ?" ಅಂತ ಕೇಳಿದ ಅಪ್ಪ.

"ಹೋಗೋದು."

ಅಪ್ಪ ಅಂಗಿಯ ತೋಳು ಮಡಚಿದ. ಮೊದಲು ಮೂತಿ ಹೊದಿಸಿ ಕಿಂಡಿ ಮುಚ್ಚಿದ. ದೋಣಿಗೆ ಮೊಣಕಾಲು ಒತ್ತಿ ಒಂದೊಂದೇ ಪಟ್ಟಿ ಎಳೆದ. ತಪ್ಪಲಿ ದೇವರೇ, ಒಂದಾದರೂ ಸಡಿಲ ಬಿಡಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಹೆತ್ತ ಅಪ್ಪನ ಕೈ ತಪ್ಪಲಿ ಅಂತ ಹರಕೆ ಹೊತ್ತ ಮಗಳು ನಾನು. ಅವನು ತಪ್ಪಲಿಲ್ಲ. ಇನ್ಸ್‌ಪೆಕ್ಟರು ಪಟ್ಟಿಯಡಿ ಬೆರಳು ತೂರಿಸೋಕೆ ನೋಡಿದರು, ಉಗುರೂ ಹೋಗಲಿಲ್ಲ. ತಾರೀಖು ಕೇಳಿದರು, ಸರಿಯಾಗಿ ಹೇಳಿದ. ಆ ದೋಣಿ ಯಾರದು ಅಂತ ಕೇಳಿದರು, ಅದನ್ನೂ ಹೇಳಿದ.

"ಮಡಿಕೆ ಯಾರು ಬೇಕಾದ್ರೂ ಮಡಚಬಹುದಮ್ಮ. ನಿಮ್ಮನೆಯವರೂ ಹನ್ನೆರಡು ವರ್ಷದಿಂದ ನೋಡ್ತಾನೇ ಇದ್ದಾರೆ" ಅಂದರು ಇನ್ಸ್‌ಪೆಕ್ಟರು ಟೋಪಿ ಹಾಕಿಕೊಳ್ಳುತ್ತ. "ಗಂಡನ್ನ ಬಿಡಿಸ್ಕೊಳ್ಳೋಕೆ ಹೆತ್ತವರನ್ನೇ ಹಿಡಿದುಕೊಡೋರನ್ನ ಇವತ್ತೇ ನೋಡಿದ್ದು."

ಜೀಪು ಹೋಯಿತು. ಅಪ್ಪ ಸ್ಟೂಲಿನ ಮೇಲೆ ಕೂತ. ತುಂಬಾ ಹೊತ್ತು ಅಂಗೈ ನೋಡಿಕೊಂಡ.

"ಮಗಳೇ, ನಿಜ ಹೇಳು. ನಾನೇ ಕಟ್ಟಿದ್ನಾ?"

ಹೊರಗಿನವರ ಮುಂದೆ ಗಂಟಲು ಹರಿಯೋ ಹಾಗೆ ಕಿರುಚಿದ ಮಾತು, ಇಬ್ಬರೇ ಇದ್ದಾಗ ಹೊರಡಲಿಲ್ಲ.

"ಇಲ್ಲಪ್ಪ, ನೀನಲ್ಲ. ಅವರನ್ನ ಬಿಡಿಸ್ಬೇಕಿತ್ತು, ಸುಳ್ಳು ಹೇಳ್ದೆ."

ಅಪ್ಪ ಉಸಿರು ಬಿಟ್ಟ. ಮುಖಕ್ಕೆ ಕಳೆ ಬಂತು.

"ಹಾಗಾದ್ರೆ ಆ ಹುಡುಗೀನ ಕೊಂದದ್ದು ನಿನ್ನ ಗಂಡನೇ" ಅಂದ. "ಬಿಟ್ಟು ಬಂದ್ರೂ ಅವನನ್ನ ಮನೆಯೊಳಗೆ ಸೇರಿಸಬೇಡ. ಆಯ್ತಾ?"

ನಾನು ಹೂಂ ಅಂದೆ.